ಮಗ್ಗಕ್ಕೆ ನಿಲ್ಲುವ ಮುಂಚೆ ಕಿವಿ ತೋರಿಸಿ

ಮಾನ್ಯ ಸಂಪಾದಕರೇ,

ಊಟಕ್ಕೆ ಕೂತಾಗ ಸೊಸೆ 'ಸಾಕಾ ಮಾವ?' ಅನ್ನುತ್ತಾಳೆ. ನನಗದು 'ಹಾಕ್ಲಾ ಮಾವ?' ಅಂತ ಕೇಳುತ್ತದೆ. ಹೂಂ ಅನ್ನುತ್ತೇನೆ. ಸೌಟು ವಾಪಸ್ ಹೋಗುತ್ತದೆ. ಮೊಮ್ಮಗಳು ಬಿದ್ದು ಬಿದ್ದು ನಗುತ್ತಾಳೆ. ನಾನೂ ನಗುತ್ತೇನೆ, ಅರ್ಧ ಹೊಟ್ಟೆಯಲ್ಲಿ.

ನಾನು ದಾವಣಗೆರೆಯಲ್ಲಿ 34 ವರ್ಷ ಪವರ್‌ಲೂಮ್ ಓಡಿಸಿದವನು. ಅಪ್ಪ ಕಾಟನ್ ಮಿಲ್ಲಿನಲ್ಲಿದ್ದರು. ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲ ಅದು. ಈಗ ಬೆಣ್ಣೆ ದೋಸೆ ಊರು. ಇರಲಿ.

ಮಾಮೂಲಿ ಲಾಳಿ ಮಗ್ಗದಲ್ಲಿ ಅಡ್ಡ ನೂಲು ಹೊತ್ತ ಲಾಳಿ ನಿಮಿಷಕ್ಕೆ ಸುಮಾರು 150 ಸಲ ಓಡುತ್ತದೆ. ಓಡಿದಾಗಲೆಲ್ಲ ಪೆಟ್ಟಿಗೆಗೆ ಬಂದು ಬಡಿಯುತ್ತದೆ. ಎಂಟು ತಾಸಿನ ಪಾಳಿಗೆ ಒಂದೇ ಮಗ್ಗದ್ದು 72,000 ಪೆಟ್ಟು. ನಾನು ನೋಡಿಕೊಳ್ಳುತ್ತಿದ್ದುದು ನಾಲ್ಕು ಮಗ್ಗ. ಶೆಡ್ಡಿನೊಳಗೆ ಮಾತಿಲ್ಲ, ಎಲ್ಲ ಕೈಸನ್ನೆ. ಕಾರ್ಖಾನೆ ನಿಯಮದ ಪ್ರಕಾರ ಎಂಟು ತಾಸಿಗೆ ಸದ್ದಿನ ಮಿತಿ 90 ಡೆಸಿಬಲ್. 95 ಆದರೆ ನಾಲ್ಕೇ ತಾಸು. ಲಾಳಿ ಮಗ್ಗದ ಶೆಡ್ಡಿನಲ್ಲಿ 95 ದಾಟುವುದು ಮಾಮೂಲು. ಆದರೆ ಮನೆ ಹಿಂದಿನ ನಾಲ್ಕು ಮಗ್ಗದ ಶೆಡ್ಡು ಕಾರ್ಖಾನೆ ಅಂತಲೇ ಲೆಕ್ಕಕ್ಕೆ ಬರುವುದಿಲ್ಲ.

ನಾವು ಕಿವಿಗೆ ಹತ್ತಿ ತುರುಕಿಕೊಳ್ಳುತ್ತಿದ್ದೆವು. ಹತ್ತಿಗೇನು ಬರವಾ? ಒಣ ಹತ್ತಿ ಸದ್ದು ತಡೆಯುವುದು ಅಷ್ಟಕ್ಕಷ್ಟೇ ಅಂತ ಗೊತ್ತಾಗಿದ್ದು ಕೆಲಸ ಬಿಟ್ಟ ಮೇಲೆ. ಸ್ಪಂಜಿನಂಥ ಇಯರ್‌ಪ್ಲಗ್ ಬೇಕು. ಹುಡುಗರು ಅದನ್ನು ಹಾಕಲು ಒಪ್ಪುವುದಿಲ್ಲ, 'ಮಗ್ಗದ ಸದ್ದು ಗೊತ್ತಾಗಲ್ಲ' ಅನ್ನುತ್ತಾರೆ. ಸುಮ್ನೆ ಹೇಳುವ ನೆವ ಅಲ್ಲ ಅದು. ಲಾಳಿಯನ್ನು ಹೊಡೆದು ಓಡಿಸುವ ಪಿಕ್ಕರ್ ಸವೆದದ್ದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತದೆ. ಆದರೆ ಪ್ಲಗ್ ಹಾಕಿದರೆ ಗದ್ದಲ ತಗ್ಗುತ್ತದೆ, ಮಗ್ಗದ ಸದ್ದು ಬದಲಾದದ್ದು ಆಗಲೂ ತಿಳಿಯುತ್ತದೆ. ನಿಟ್ಟಿಂಗ್ ಮೆಷಿನ್ ಓಡಿಸುವ ನನ್ನ ತಂಗಿಯ ಮಗ ಎಂಟು ದಿನ ನನ್ನನ್ನು ಬೈದುಕೊಂಡೇ ಹಾಕಿದ. ಆಮೇಲೆ ಒಗ್ಗಿತು.

ಗದ್ದಲಕ್ಕೆ ಮೊದಲು ಹೋಗುವುದು ಸಣ್ಣ, ಚೂಪಾದ ಸದ್ದು. ಹಕ್ಕಿ, ಮಕ್ಕಳ ಪಿಸುಮಾತು, 'ಸ' ಅಕ್ಷರ. ದಪ್ಪ ಸದ್ದು ಕೇಳುತ್ತಲೇ ಇರುತ್ತದೆ. ಹಾಗಾಗಿ ನಮ್ಮ ಕಿವಿ ಸರಿಯಿದೆ ಅಂತಲೇ ನಾವು ಅಂದುಕೊಂಡಿರುತ್ತೇವೆ. ಬೇರೆಯವರು ಗೊಣಗುತ್ತಾರೆ ಅಂತ ಜಗಳ ಬೇರೆ.

ಡಾಕ್ಟರಿಗೆ ತೋರಿಸಿದೆ. 'ವಯಸ್ಸಾಯ್ತಲ್ಲಾ ಯಜಮಾನ್ರೇ' ಅಂದರು. ಕೆಲಸಗಾರರ ಪರಿಹಾರದ ಕಾನೂನಿನಲ್ಲಿ ಗದ್ದಲದಿಂದ ಬರುವ ಕಿವುಡೂ ಸೇರಿದೆ. ಆದರೆ ನನ್ನದು ವಯಸ್ಸಿನದ್ದಾ, ಮಗ್ಗದ್ದಾ? 19ನೇ ವಯಸ್ಸಿನಲ್ಲಿ ನನ್ನ ಕಿವಿ ಹೇಗಿತ್ತು ಅನ್ನುವುದಕ್ಕೆ ಒಂದು ಚೀಟಿಯೂ ಇಲ್ಲವಲ್ಲ.

ಈಗ ಮಗ್ಗಕ್ಕೆ, ನಿಟ್ಟಿಂಗ್‌ಗೆ ಸೇರುವ ಹುಡುಗ ಹುಡುಗಿಯರಿಗಾದರೂ ಆ ಚೀಟಿ ಇರಲಿ. ಸೇರುವಾಗ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಕಿವಿ ಪರೀಕ್ಷೆ ಆಗಲಿ. ಕಣ್ಣಿನ ಶಿಬಿರ ಬೇಕಾದಷ್ಟು ನೋಡಿದ್ದೇನೆ. ಮಗ್ಗದವರ ಕಿವಿ ನೋಡಲು ಯಂತ್ರ ತಂದವರನ್ನು ಕಂಡಿಲ್ಲ. ಆರೋಗ್ಯ ಇಲಾಖೆ, ಕಾರ್ಮಿಕ ಇಲಾಖೆ ಕೂಡಿ ಸಣ್ಣ ಶೆಡ್ಡಿನವರನ್ನೂ ಕರೆಯಲಿ. ಒಂದು ಮಾತು, ಪಾಳಿ ಮುಗಿದ ಕೂಡಲೇ ಪರೀಕ್ಷೆ ಮಾಡಬೇಡಿ. ಆಗ ಎಲ್ಲರ ಕಿವಿಯೂ ಮಂಕಾಗಿರುತ್ತದೆ. ವಾರದ ರಜೆಯ ಮರುದಿನ ಬೆಳಿಗ್ಗೆ, ಮಗ್ಗದ ಸ್ವಿಚ್ ಹಾಕುವ ಮುಂಚೆ ಬನ್ನಿ.

— ಒಬ್ಬ ಹಳೆಯ ಮಗ್ಗದ ಕೆಲಸಗಾರ, ದಾವಣಗೆರೆ