ಕುರ್ಚಿ ಬರುವ ಮೊದಲೇ ಮೆಂಬರಮ್ಮ ಅಂದವರಿಗೆ

ನಿನ್ನೆ ಮೊದಲ ಸಲ ನಗರಸಭೆಯ ಸಭಾಂಗಣದಲ್ಲಿ ಕೂತು ಬಂದೆ. 2018ರ ಆಗಸ್ಟ್ 31ಕ್ಕೆ ನೀವು ಓಟು ಹಾಕಿದ್ದಿರಿ. ಸೆಪ್ಟೆಂಬರ್ 3ಕ್ಕೆ ಎಣಿಕೆ ಆಯಿತು, ಗೆದ್ದೆ. ಆ ಕುರ್ಚಿ ಸಿಗೋಷ್ಟರಲ್ಲಿ ಎರಡು ವರ್ಷ ದಾಟಿತು. ಈ ದಿನಗಳಲ್ಲಿ ಕೈಬಿಡದವರಿಗೆ ಮನಸಾರೆ ನಮಸ್ಕಾರ ಹೇಳಬೇಕು.

ಕಾರಣ ನಿಮಗೆ ಗೊತ್ತೇ ಇದೆ. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿ ಕೋರ್ಟಿಗೆ ಹೋಯಿತು. ಮೊದಲ ಸಭೆ ನಡೆಯಲಿಲ್ಲ, ನಮ್ಮ ಕೈಗೆ ಅಧಿಕಾರ ಬರಲಿಲ್ಲ. ಚಿತ್ರದುರ್ಗದ 35 ವಾರ್ಡಿನವರು ಮಾತ್ರ ಅಲ್ಲ, ಅವತ್ತು ಓಟು ನಡೆದ ಬೇರೆ ಊರುಗಳಲ್ಲೂ ನಮ್ಮಂತೆ ಕಾದವರು ಬಹಳ. ಗೆದ್ದ ಪ್ರಮಾಣಪತ್ರವನ್ನು ಅತ್ತೆ ಲ್ಯಾಮಿನೇಷನ್ ಮಾಡಿಸಿ ದೇವರ ಫೋಟೋ ಪಕ್ಕ ಇಟ್ಟರು. ಅರ್ಜಿ ಹಿಡಿದು ಹೋದ ಕಡೆ ಮಾತ್ರ, "ನೀವಿನ್ನೂ ಮೆಂಬರ್ ಆಗಿಲ್ಲವಲ್ಲ" ಅಂದರು. ಅವತ್ತು ದಾರಿಯುದ್ದಕ್ಕೂ ಅತ್ತಿದ್ದೇನೆ.

ನಮ್ಮ ಬೀದಿಯ ನಿವೃತ್ತ ಗುಮಾಸ್ತರ ಋಣ ದೊಡ್ಡದು. "ಐದರಲ್ಲಿ ಒಂದು ವರ್ಷ ಸುಮ್ನೆ ಹೋಯ್ತಲ್ಲ ಸಾರ್" ಅಂದಿದ್ದೆ. "ಎಲ್ಲಿ ಹೋಯ್ತಮ್ಮ? ಐದು ವರ್ಷ ಎಣಿಸೋದು ಮೊದಲ ಸಭೆಯಿಂದ. ಅಲ್ಲೀವರೆಗೆ ಕಲಿ" ಅಂದರು. ಭಾನುವಾರ ಸಂಜೆ ನನ್ನ ಹೊಲಿಗೆ ಮೆಷಿನ್ ಪಕ್ಕ ಸ್ಟೂಲ್ ಹಾಕಿಕೊಂಡು ಕೂರುತ್ತಿದ್ದರು. ಬಜೆಟ್ ಓದೋದು, ಟೆಂಡರ್ ಅಂದರೆ ಏನು, ಅರ್ಜಿಗೆ ಸ್ವೀಕೃತಿ ಕೇಳಿ ಪಡೆಯೋದು, ಎಲ್ಲ ಕಲಿಸಿದರು. ನಿನ್ನೆ ಹಾಜರಿ ಪುಸ್ತಕಕ್ಕೆ ಸಹಿ ಹಾಕುವಾಗ ಕೈ ನಡುಗಲಿಲ್ಲ ಸಾರ್.

ನೀರು ಬಿಡುವ ಅಣ್ಣನನ್ನು ಮರೆಯೋದುಂಟೇ? ಶಾಂತಿಸಾಗರ, ವಾಣಿವಿಲಾಸ ಸಾಗರದ ನೀರು ನಂಬಿಕೊಂಡ ಊರು ನಮ್ಮದು. ಬರದ ಬೇಸಿಗೆಯಲ್ಲಿ ನಲ್ಲಿ ಯಾವಾಗ ಬರುತ್ತೆ ಅನ್ನೋದೇ ದೊಡ್ಡ ಚಿಂತೆ. ಅಣ್ಣ ವಾಲ್ವ್ ತಿರುಗಿಸುವ ಮೊದಲು ಫೋನ್ ಮಾಡುತ್ತಿದ್ದರು, ರಾತ್ರಿ ಮೂರು ಗಂಟೆಯಾದರೂ ಸರಿ. ನಾನು ಬಾಗಿಲು ಬಾಗಿಲು ಬಡಿಯುತ್ತಿದ್ದೆ. ಆ ಕತ್ತಲಲ್ಲಿ ಬಿಂದಿಗೆ ಹಿಡಿದು ಬಂದ ಹೆಂಗಸರೇ ನನ್ನನ್ನು ಮೊದಲು "ಮೆಂಬರಮ್ಮ" ಅಂತ ಕರೆದವರು.

ನನ್ನ ಎದುರು ನಿಂತು ಸೋತ ಅಕ್ಕನಿಗೆ ಏನಂತ ಹೇಳಲಿ? ಚರಂಡಿ ಕಟ್ಟಿಕೊಂಡಾಗ ಅವರೇ ಮನೆಗೆ ಬಂದರು. "ನಿನಗೆ ಸೀಲಿಲ್ಲ, ನನಗೆ ಸೀಟಿಲ್ಲ. ಇಬ್ಬರೂ ಸೇರಿ ಸಹಿ ಹಾಕೋಣ ಬಾ" ಅಂದರು. ಕೆಲಸ ಆಯಿತು. ಪಕ್ಷ ಬೇರೆ ಇರಬಹುದು ಅಕ್ಕಾ, ನಿಮ್ಮ ಮನೆಯ ಕಾಫಿ ಋಣ ನನ್ನ ಮೇಲಿದೆ.

ಲಾಕ್‌ಡೌನ್‌ನಲ್ಲಿ ನಾವೆಲ್ಲ ಬಾಗಿಲು ಹಾಕಿಕೊಂಡಿದ್ದಾಗಲೂ ಬೆಳಗಾದರೆ ಪೊರಕೆ ಸದ್ದು ತಪ್ಪಲಿಲ್ಲ. ಪೌರಕಾರ್ಮಿಕ ಅಕ್ಕಂದಿರೇ, ನಿಮಗೆ ಕೈ ಮುಗಿಯುತ್ತೇನೆ. ನಿಮಗಾಗಿ ಮಾಸ್ಕ್ ಹೊಲಿದೆ ಅಂತ ಜನ ನನ್ನ ಹೆಸರು ಹೇಳುತ್ತಾರೆ. ಬಟ್ಟೆ ಕತ್ತರಿಸಿ ಕೊಟ್ಟದ್ದು ಬೀದಿಯ ಕಾಲೇಜು ಹುಡುಗಿಯರು. ನಾನು ಬರೀ ಪೆಡಲ್ ತುಳಿದೆ. ರಾತ್ರಿ ಅಡುಗೆಯನ್ನು ನಮ್ಮ ಮನೆಯವರೇ ನೋಡಿಕೊಂಡರು, ಅವರಿಗೂ ಧನ್ಯವಾದ.

ಇಷ್ಟು ದಿನ ನೀವು ಹೇಳಿದ್ದನ್ನೆಲ್ಲ ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ನಿನ್ನೆ ಅದನ್ನೂ ಬ್ಯಾಗಿನಲ್ಲಿ ಇಟ್ಟುಕೊಂಡೇ ಹೋಗಿದ್ದೆ. ಮೊದಲ ಪುಟದ ಮೊದಲ ಸಾಲು, ಮೂಲೆ ಮನೆ ಅಜ್ಜಿ ಹೇಳಿದ್ದು: ಬೇವಿನ ಮರದ ಹತ್ತಿರದ ಕಂಬದಲ್ಲಿ ದೀಪ ಇಲ್ಲ. ಅಜ್ಜೀ, ಸೋಮವಾರ ಬೆಳಿಗ್ಗೆ ಅದೇ ಅರ್ಜಿ ಕೊಡುತ್ತೇನೆ. ಈ ಸಲ ಸೀಲು ಹಾಕಿ.