ಮಂಡಗದ್ದೆಯ ಆ ಅಮ್ಮನಿಗೆ

ಕಳೆದ ಆಗಸ್ಟ್. ತೀರ್ಥಹಳ್ಳಿಗೆ ಹೊರಟವನು ಶಿವಮೊಗ್ಗದಿಂದ ಸುಮಾರು 30 ಕಿಲೋಮೀಟರ್ ಬಂದು, ಮಂಡಗದ್ದೆಯಲ್ಲಿ ಸುಮ್ನೆ ಬಸ್ಸಿಳಿದುಬಿಟ್ಟೆ. ಆರು ವರ್ಷ ಪ್ರೀತಿಸಿದವಳಿಗೆ ಹಿಂದಿನ ವಾರವಷ್ಟೇ ಮದುವೆಯಾಗಿತ್ತು. ಅದಿರಲಿ.

ತುಂಗೆ ಕೆಂಪಗೆ ತುಂಬಿ ಹರಿಯುತ್ತಿದ್ದಳು. ನಡುಗಡ್ಡೆಯ ಮರಗಳು ಅರ್ಧ ಮುಳುಗಿದ್ದವು, ಮೇಲೆಲ್ಲ ಬೆಳ್ಳಕ್ಕಿ, ನೀರುಕಾಗೆಗಳ ಗೂಡು. ನೆನೆಯುತ್ತಾ ನಿಂತವನ ತಲೆ ಮೇಲೆ ನೀವು ಕೊಡೆ ಹಿಡಿದಿರಿ. "ಎಂತ ಮಗಾ, ಹೀಗೆ ನೆನೆದ್ರೆ ಜ್ವರ ಬರ್ತದೆ" ಅಂದಿರಿ. ಹೆಸರು ಕೇಳಲಿಲ್ಲ. ಯಾಕೆ ಅಳ್ತಿದೀಯ ಅಂತಲೂ ಕೇಳಲಿಲ್ಲ (ಅದಕ್ಕೇ ಜಾಸ್ತಿ ಥ್ಯಾಂಕ್ಸ್). ಮನೆಗೆ ಕರೆದು ಬಿಸಿ ಕಷಾಯ, ಕೆಸುವಿನೆಲೆಯ ಪತ್ರೊಡೆ ಕೊಟ್ಟಿರಿ. ಎರಡು ದಿನದಿಂದ ಏನೂ ತಿಂದಿರಲಿಲ್ಲ. ನಾಚಿಕೆ ಬಿಟ್ಟು ಮೂರನೆಯದನ್ನೂ ಕೇಳಿದೆ.

ನಿಮ್ಮ ಕೊಡೆ ನನ್ನ ಬಳಿಯೇ ಉಳಿದಿದೆ ಅಮ್ಮ. ಹಕ್ಕಿ ಮರಿ ಮಾಡುವ ಹೊತ್ತಿಗೆ ತಂದುಕೊಡುತ್ತೇನೆ. ಪತ್ರೊಡೆ ಇರುತ್ತದೆ ಅಲ್ವಾ?