ಬಂಡೆ ಕುಸಿತಕ್ಕೆ ಮಳೆಯೊಂದೇ ಹೊಣೆಯಲ್ಲ

ಮಾನ್ಯ ಸಂಪಾದಕರಿಗೆ ವಂದನೆಗಳು.

ಮನೆಗಳ ಹಿಂದಿನ ಬಂಡೆಯ ದರೆ ಕುಸಿದ ಸುದ್ದಿ ಪತ್ರಿಕೆಗಳಲ್ಲಿ ಬಂದಾಗಲೆಲ್ಲ ಅದರ ಮೊದಲ ಸಾಲು ಹೆಚ್ಚುಕಡಿಮೆ ಒಂದೇ ರೀತಿ ಇರುತ್ತದೆ: ‘ಭಾರಿ ಮಳೆಯಿಂದಾಗಿ ಬಂಡೆ ಉರುಳಿ...’ ಕಲ್ಲಿನ ಇಳಿಜಾರುಗಳನ್ನು ಪರಿಶೀಲಿಸುವುದರಲ್ಲೇ ವೃತ್ತಿಜೀವನ ಕಳೆದ ನನಗೆ ಈ ಸಾಲು ಪ್ರತಿ ಸಲವೂ ನೋವು ತರುತ್ತದೆ. ಮಳೆ ಸುರಿದದ್ದು ನಿಜವೇ ಇರಬಹುದು. ಆದರೆ ಹೊಣೆಯನ್ನು ಮಳೆಗೆ ಹೊರಿಸಿದ ಮರುಕ್ಷಣದಿಂದ, ಆ ದರೆಯ ಬುಡವನ್ನು ಕಡಿದವರು ಯಾರು, ನೆತ್ತಿಯ ಮೇಲೆ ಬಿದ್ದ ನೀರು ಎಲ್ಲಿಗೆ ಹರಿಯುತ್ತಿತ್ತು, ಕಟ್ಟಡಕ್ಕೆ ಅನುಮತಿ ಕೊಡುವ ಮುನ್ನ ಯಾರಾದರೂ ಬಂಡೆಯ ಹತ್ತಿರ ಹೋಗಿ ನೋಡಿದ್ದರೇ ಎಂಬ ಪ್ರಶ್ನೆಗಳು ಕೇಳುವವರಿಲ್ಲದೆ ಉಳಿದುಬಿಡುತ್ತವೆ.

2008ರ ಸೆಪ್ಟೆಂಬರ್ 6ರಂದು ಈಜಿಪ್ಟಿನ ಕೈರೊ ನಗರದ ದುವೈಕಾ ಎಂಬ ಬಡಾವಣೆಯ ಮೇಲೆ ಮೊಕಟ್ಟಮ್ ಬೆಟ್ಟದ ಸುಣ್ಣಕಲ್ಲಿನ ದೊಡ್ಡ ದೊಡ್ಡ ತುಂಡುಗಳು ಕಳಚಿ ಬಿದ್ದು ನೂರಕ್ಕೂ ಹೆಚ್ಚು ಜನ ಸತ್ತರು. ಕೈರೊದಲ್ಲಿ ಇಡೀ ವರ್ಷಕ್ಕೆ ಬೀಳುವ ಮಳೆ ಕೆಲವೇ ಸೆಂಟಿಮೀಟರ್. ಸೆಪ್ಟೆಂಬರ್‌ನಲ್ಲಂತೂ ಆಕಾಶ ಒಣಗಿರುತ್ತದೆ. ಅಲ್ಲಿ ಬಂಡೆಯೊಳಗೆ ಇಳಿದದ್ದು ಬೇರೆಯೇ ನೀರು. ಒಳಚರಂಡಿಯಿಲ್ಲದೆ ಬೆಟ್ಟದ ಮೇಲೆ ಬೆಳೆದ ವಸತಿಗಳ ಕೊಳಚೆ ಸುಣ್ಣಕಲ್ಲಿನ ಸೀಳುಗಳಿಗೂ ಅದರ ನಡುನಡುವಿನ ಜೇಡಿ ಪದರಗಳಿಗೂ ವರ್ಷಗಟ್ಟಲೆ ಇಂಗಿದ್ದನ್ನು ಕುಸಿತದ ಮುಖ್ಯ ಕಾರಣಗಳಲ್ಲೊಂದೆಂದು ತಜ್ಞರು ಗುರುತಿಸಿದರು. ದರೆಯ ಮೇಲಿರುವ ಮನೆಗಳ ಇಂಗುಗುಂಡಿ, ಸೋರುವ ನಲ್ಲಿ ಪೈಪು, ತೋಟಕ್ಕೆ ಬಿಡುವ ನೀರು ಇವೆಲ್ಲ ದರೆಯ ಕೆಳಗಿರುವವರ ಜೀವದ ಪ್ರಶ್ನೆಯಾಗಬಲ್ಲವು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ.

ಬಂಡೆಯೊಳಗಿನ ನೀರನ್ನು ಜನ ಲಘುವಾಗಿ ಕಾಣಲು ಒಂದು ಕಾರಣವಿದೆ. ನೀರು ಬಂಡೆಯನ್ನು ಕರಗಿಸಿ ಬೀಳಿಸುತ್ತದೆ, ಅದಕ್ಕೆ ಬಹಳ ಕಾಲ ಬೇಕು ಎಂದು ನಾವು ಊಹಿಸಿಕೊಂಡಿದ್ದೇವೆ. ಹಾಗೂ ಆಗುತ್ತದೆ, ಆದರೆ ಅದಕ್ಕಿಂತ ಬೇಗ ಕೆಲಸ ಮಾಡುವುದು ನೀರಿನ ಒತ್ತಡ. ದರೆಯ ನೆತ್ತಿಯಿಂದ 10 ಮೀಟರ್ ಆಳಕ್ಕೆ ಇಳಿದಿರುವ, ಕೇವಲ 5 ಮಿಲಿಮೀಟರ್ ಅಗಲದ ಒಂದು ಸೀಳನ್ನು ಊಹಿಸಿಕೊಳ್ಳಿ. ದರೆಯ ಉದ್ದಕ್ಕೆ ಒಂದು ಮೀಟರ್ ಲೆಕ್ಕ ಹಿಡಿದರೆ ಆ ಸೀಳು ತುಂಬಲು 50 ಲೀಟರ್ ನೀರು ಸಾಕು, ಅಂದರೆ ಮೂರ್ನಾಲ್ಕು ಬಕೆಟ್. ಆ ನೀರಿಗೆ ಹೊರಹೋಗುವ ದಾರಿಯಿಲ್ಲದಿದ್ದರೆ ಅದು ಮುಂದಿನ ಬಂಡೆಯನ್ನು ಹೊರಕ್ಕೆ ತಳ್ಳುವ ಬಲ ಸುಮಾರು 50 ಟನ್ ತೂಕಕ್ಕೆ ಸಮ. ಸೀಳು ಅಗಲವಾಗಿದೆಯೋ ಕಿರಿದಾಗಿದೆಯೋ ಎಂಬುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ನೀರು ನಿಂತ ಎತ್ತರವೇ ಒತ್ತಡವನ್ನು ನಿರ್ಧರಿಸುತ್ತದೆ, ಎತ್ತರ ಇಮ್ಮಡಿಯಾದರೆ ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಇಷ್ಟೊಂದು ತೆಳುವಾದ ಬಿರುಕು ಏನು ಮಾಡೀತು ಎಂದು ಕೇಳುವವರಿಗೆ ನಾನು ಯಾವಾಗಲೂ ಈ ಲೆಕ್ಕವನ್ನೇ ಹೇಳುತ್ತೇನೆ.

ಹಾಗಾದರೆ ದರೆಯನ್ನು ನೋಡುವುದೆಂದರೇನು? ಕೆಳಗೆ ನಿಂತು ಫೋಟೊ ತೆಗೆದು, ‘ಗಟ್ಟಿ ಕಲ್ಲು, ಭಯವಿಲ್ಲ’ ಎಂದು ವರದಿ ಬರೆಯುವುದಂತೂ ಅಲ್ಲ. ಕಲ್ಲು ಎಷ್ಟೇ ಗಟ್ಟಿಯಾಗಿದ್ದರೂ ದರೆಯ ಸ್ಥಿರತೆಯನ್ನು ಬಹುಪಾಲು ನಿರ್ಧರಿಸುವುದು ಕಲ್ಲಿನೊಳಗಿನ ಸೀಳುಗಳು: ಅವು ಯಾವ ದಿಕ್ಕಿಗೆ, ಎಷ್ಟು ಡಿಗ್ರಿ ವಾಲಿವೆ, ಎಷ್ಟೆಷ್ಟು ದೂರಕ್ಕೆ ಒಂದೊಂದಿವೆ, ಅವುಗಳ ಮೈ ಒರಟೋ ನುಣುಪೋ, ಒಳಗೆ ಜೇಡಿ ತುಂಬಿದೆಯೋ ಇಲ್ಲವೋ. ಸೀಳು ದರೆಯ ಹೊರಮುಖದ ಕಡೆಗೇ ವಾಲಿ, ಮುಖದ ಇಳಿಜಾರಿಗಿಂತ ಕಡಿಮೆ ಕೋನದಲ್ಲಿ ಹೊರಬಿದ್ದು, ಆ ಕೋನ ಕಲ್ಲಿನ ಘರ್ಷಣಾ ಕೋನಕ್ಕಿಂತ (ಕಲ್ಲಿನ ಮೇಲಿನ ಕಲ್ಲು ತಾನಾಗಿ ಜಾರತೊಡಗುವ ವಾಲಿಕೆಗಿಂತ) ಹೆಚ್ಚಾಗಿದ್ದರೆ ಮೇಲಿನ ಚಪ್ಪಡಿ ಜಾರಲು ಸಿದ್ಧವಾಗಿದೆ ಎಂದೇ ಅರ್ಥ. ಎರಡು ಸೀಳುಗಳು ಒಂದನ್ನೊಂದು ಸಂಧಿಸಿ ಆ ಸಂಧಿರೇಖೆ ಹೊರಗೆ ಇಳಿದಿದ್ದರೆ ಬೆಣೆಯಾಕಾರದ ತುಂಡು ಕಳಚುತ್ತದೆ. ಸೀಳುಗಳು ಕಡಿದಾಗಿ ಒಳಮುಖವಾಗಿ ವಾಲಿದ್ದರೆ, ಸಾಲಾಗಿ ನಿಲ್ಲಿಸಿದ ಪುಸ್ತಕಗಳು ಮುಂದಕ್ಕೆ ಬೀಳುವ ಹಾಗೆ ಕಂಬ ಕಂಬವೇ ಮಗುಚುತ್ತದೆ. ಒಂದೇ ದರೆಯಲ್ಲಿ ಹತ್ತು ಮೀಟರಿನ ಅಂತರದಲ್ಲಿ ಈ ಮೂರೂ ಬಗೆಗಳನ್ನು ನಾನು ಕಂಡಿದ್ದೇನೆ. ಆದ್ದರಿಂದಲೇ ಹಗ್ಗ ಕಟ್ಟಿಕೊಂಡು ಇಳಿದೋ, ಡ್ರೋನ್ ಹಾಗೂ ಲೇಸರ್ ಮಾಪನದಿಂದಲೋ ಮುಖದ ಪ್ರತಿ ಭಾಗವನ್ನೂ ಅಳೆಯಬೇಕು. ನೆತ್ತಿಯ ಮೇಲೆ ನಡೆದು ಮುಖಕ್ಕೆ ಸಮಾನಾಂತರವಾಗಿ ಬಾಯಿ ಬಿಟ್ಟ ಬಿರುಕುಗಳಿವೆಯೇ ಎಂದು ಹುಲ್ಲು ಸರಿಸಿ ಹುಡುಕಬೇಕು. ಬುಡದಲ್ಲಿ ಈಗಾಗಲೇ ಬಿದ್ದಿರುವ ಕಲ್ಲುಗಳ ಗಾತ್ರವನ್ನೂ ಅವು ಉರುಳಿ ಹೋದ ದೂರವನ್ನೂ ಬರೆದಿಟ್ಟುಕೊಳ್ಳಬೇಕು. ಮಳೆಗಾಲದಲ್ಲಿ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ ನೋಡದೆ ನೀರು ಎಲ್ಲಿ ಜಿನುಗುತ್ತದೆ ಎಂದು ಹೇಳಲು ಯಾರಿಂದಲೂ ಆಗದು.

ಈ ಕೆಲಸದಲ್ಲಿ ಅಲ್ಲೇ ವಾಸಿಸುವವರ ಕಣ್ಣು ನಮ್ಮ ಉಪಕರಣಗಳಿಗಿಂತ ಮುಂದಿರುವುದುಂಟು. ಒಮ್ಮೆ ನಾನು ಪರಿಶೀಲನೆಗೆ ಹೋದ ಜಾಗದಲ್ಲಿ ಒಬ್ಬ ಹಿರಿಯ ಗೃಹಿಣಿ ಮನೆಯ ಹಿಂದಿನ ಬಂಡೆಯ ಬಿರುಕಿನ ಎರಡೂ ಬದಿಗೆ ಬಣ್ಣದ ಚುಕ್ಕೆಯಿಟ್ಟು, ತಿಂಗಳಿಗೊಮ್ಮೆ ನಡುವಿನ ಅಂತರವನ್ನು ಅಳೆದು ನೋಟ್ ಪುಸ್ತಕದಲ್ಲಿ ಬರೆದಿಟ್ಟಿದ್ದರು. ನಾವು ಎರಡು ದಿನ ಇದ್ದು ಕಲೆಹಾಕಿದ್ದಕ್ಕಿಂತ ಹೆಚ್ಚಿನ ಮಾಹಿತಿ ಅವರ ಆ ಎರಡು ಪುಟಗಳಲ್ಲಿತ್ತು. ಬಿರುಕು ಬೇಸಿಗೆಯಿಡೀ ಸುಮ್ಮನಿದ್ದು ಮಳೆ ಹಿಡಿದ ತಿಂಗಳುಗಳಲ್ಲಿ ಮಾತ್ರ ಅಗಲಗೊಂಡದ್ದು ಅಂಕಿಗಳಲ್ಲೇ ಕಾಣುತ್ತಿತ್ತು. ಆ ಮೊದಲು ಅವರು ಹಲವರ ಬಳಿ ಹೇಳಿಕೊಂಡಿದ್ದರಂತೆ, ಯಾರೂ ಪುಸ್ತಕ ತೆರೆದು ನೋಡಿರಲಿಲ್ಲ. ಕೆನಡಾದ ಟರ್ಟಲ್ ಪರ್ವತವನ್ನು ಅಲ್ಲಿನ ಮೂಲನಿವಾಸಿಗಳು ‘ಚಲಿಸುವ ಬೆಟ್ಟ’ ಎಂದೇ ಕರೆಯುತ್ತಿದ್ದರು. ಆ ಬೆಟ್ಟದ ಬುಡದಲ್ಲಿ ಕಲ್ಲಿದ್ದಲು ಗಣಿಯನ್ನೂ ಫ್ರಾಂಕ್ ಎಂಬ ಪಟ್ಟಣವನ್ನೂ ಕಟ್ಟಿದ ಮೇಲೆ, 1903ರ ಏಪ್ರಿಲ್ 29ರ ನಸುಕಿನಲ್ಲಿ ಬೆಟ್ಟದ ಮುಖ ಕಳಚಿ ಒಂದೆರಡು ನಿಮಿಷದೊಳಗೆ ಪಟ್ಟಣದ ಒಂದು ಭಾಗವನ್ನು ಹೂತುಹಾಕಿತು.

ಇನ್ನು ಭದ್ರಪಡಿಸುವ ಕ್ರಮಗಳ ವಿಚಾರ. ಬಂಡೆ ಬಿದ್ದ ಮೇಲೆ ಎಲ್ಲರೂ ಕೇಳುವುದು ಕಾಂಕ್ರೀಟ್. ದರೆಯ ಮುಖದ ಮೇಲೆ ಕೊಳವೆಯಿಂದ ರಭಸವಾಗಿ ಚಿಮ್ಮಿಸುವ ಕಾಂಕ್ರೀಟ್, ಅಂದರೆ ಶಾಟ್‌ಕ್ರೀಟ್ ಸಿಂಪಡಿಸಿದರೆ ನೋಡಲು ಅಚ್ಚುಕಟ್ಟಾಗಿರುತ್ತದೆ, ಕೆಲಸವಾಯಿತೆಂಬ ಸಮಾಧಾನವೂ ಸಿಗುತ್ತದೆ. ಪುಡಿಯಾಗಿ ಉದುರುವ ಕಲ್ಲಿನ ಮೇಲ್ಮೈಯನ್ನು ಹಿಡಿದಿಡಲು ಅದು ಒಳ್ಳೆಯ ಸಾಧನವೇ ಹೌದು. ಆದರೆ ಬಸಿಗಾಲುವೆಯಾಗಲಿ ನೀರು ಬಸಿಯುವ ರಂಧ್ರಗಳಾಗಲಿ ಇಲ್ಲದೆ ಬಳಿದ ಕಾಂಕ್ರೀಟ್ ಹೊದಿಕೆ ಸೀಳುಗಳ ಬಾಯಿಗೆ ಬಿರಡೆ ಹಾಕಿದಂತಾಗಿ, ನಾನು ಮೇಲೆ ಹೇಳಿದ ಆ ಮೂರ್ನಾಲ್ಕು ಬಕೆಟ್ ನೀರನ್ನು ಒಳಗೇ ನಿಲ್ಲಿಸುತ್ತದೆ. ಜೊತೆಗೆ ಬಿರುಕು ಅಗಲವಾಗುವುದನ್ನು ಕಣ್ಣಿನಿಂದ ಮರೆಮಾಡುತ್ತದೆ. ಆ ಗೃಹಿಣಿಯ ಚುಕ್ಕೆಗಳಿದ್ದ ಬಂಡೆಯ ಮೇಲೆ ಕಾಂಕ್ರೀಟ್ ಬಳಿದಿದ್ದರೆ ನಮಗೆ ಏನೂ ಗೊತ್ತಾಗುತ್ತಿರಲಿಲ್ಲ.

ಸರಿಯಾದ ಕ್ರಮ ನೆತ್ತಿಯಿಂದ ಆರಂಭವಾಗುತ್ತದೆ. ಮೇಲಿನ ನೀರು ದರೆಯ ಅಂಚಿಗೆ ಬರುವ ಮೊದಲೇ ಅದನ್ನು ಹಿಡಿದು ಬದಿಗೆ ತಿರುಗಿಸುವ ಸೋರದ ಚರಂಡಿ ಮೊದಲು ಬೇಕು. ಅನಂತರ ಬಂಡೆಯೊಳಕ್ಕೆ ಸ್ವಲ್ಪ ಮೇಲ್ಮುಖವಾಗಿ ರಂಧ್ರ ಕೊರೆದು ತೂತು ಕೊಳವೆಗಳನ್ನಿಟ್ಟು ಒಳಗಿನ ನೀರನ್ನು ಹೊರಕ್ಕೆ ಬಿಡಬೇಕು; ಖರ್ಚಿಗೆ ಹೋಲಿಸಿದರೆ ಇದರಷ್ಟು ಫಲ ಕೊಡುವ ಉಪಾಯ ನಮ್ಮ ವೃತ್ತಿಯಲ್ಲಿ ವಿರಳ. ಸಡಿಲವಾಗಿ ನೇತಾಡುವ ಕಲ್ಲುಗಳನ್ನು ಕೆಳಗಿನ ಮನೆಗಳನ್ನು ತೆರವು ಮಾಡಿಸಿದ ಮೇಲೆಯೇ, ಮೇಲಿನಿಂದ ಕೆಳಕ್ಕೆ, ನುರಿತವರಿಂದ ಕೆಡವಿಸಬೇಕು. ಉಳಿಸಿಕೊಳ್ಳಬೇಕಾದ ದೊಡ್ಡ ತುಂಡುಗಳಿಗೆ ರಾಕ್ ಬೋಲ್ಟ್ (ಬಂಡೆಯನ್ನು ಕೊರೆದು ಒಳಗೆ ಕೂರಿಸುವ ಉಕ್ಕಿನ ಸರಳು) ಹಾಕುವಾಗ ಸರಳು ಜಾರುವ ಸೀಳನ್ನು ದಾಟಿ ಅದರ ಹಿಂದಿನ ಅಲುಗದ ಬಂಡೆಯಲ್ಲಿ ಸಾಕಷ್ಟು ಉದ್ದಕ್ಕೆ ಕಚ್ಚಿಕೊಂಡಿರಲೇಬೇಕು. ಸೀಳು ಎಲ್ಲಿದೆಯೆಂದು ಅಳೆಯದೆ ಎಲ್ಲೆಡೆ ಒಂದೇ ಉದ್ದದ ಸರಳು ಹೊಡೆದಿದ್ದರೆ, ಅವುಗಳಲ್ಲಿ ಕೆಲವು ಜಾರುವ ತುಂಡನ್ನು ಅದೇ ತುಂಡಿಗೆ ಬಿಗಿದಿರುತ್ತವೆ. ಹಾಕಿದ ಬೋಲ್ಟುಗಳಲ್ಲಿ ಕೆಲವನ್ನಾದರೂ ಎಳೆದು ಪರೀಕ್ಷಿಸಿದ ದಾಖಲೆಯನ್ನು ನಿವಾಸಿಗಳು ಕೇಳಿ ಪಡೆಯಬೇಕೆಂಬುದು ನನ್ನ ಸಲಹೆ. ಉಕ್ಕಿಗೆ ತುಕ್ಕು ಹಿಡಿಯುತ್ತದೆ, ಸಿಮೆಂಟಿಗೆ ಬಿರುಕು ಬರುತ್ತದೆ ಎಂಬುದನ್ನೂ ಮರೆಯಬಾರದು. ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಮನುಷ್ಯನ ಮುಖದಂತೆ ಕಾಣುತ್ತಿದ್ದ ಪ್ರಸಿದ್ಧ ಬಂಡೆಯನ್ನು ಉಕ್ಕಿನ ಕಟ್ಟುಗಳಿಂದಲೂ ಸಿಮೆಂಟಿನಿಂದಲೂ ದಶಕಗಳ ಕಾಲ ಶ್ರದ್ಧೆಯಿಂದ ಕಾಪಾಡಿದರೂ 2003ರ ಮೇ 3ರಂದು ಅದು ಬಿದ್ದುಹೋಯಿತು.

ಕಲ್ಲನ್ನು ಹಿಡಿದಿಡಲು ಆಗದಿದ್ದಾಗ ಬಿದ್ದ ಕಲ್ಲನ್ನು ತಡೆಯುವ ಮಾರ್ಗ ಉಳಿಯುತ್ತದೆ. ಒಂದು ಘನ ಮೀಟರ್ ಗ್ರಾನೈಟ್ ಸುಮಾರು 2.7 ಟನ್ ತೂಗುತ್ತದೆ; 20 ಮೀಟರ್ ಎತ್ತರದಿಂದ ಬಿದ್ದರೆ ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ 70 ಕಿಲೋಮೀಟರ್ ಮೀರಿರುತ್ತದೆ, ಶಕ್ತಿ 500 ಕಿಲೋಜೌಲ್ ದಾಟುತ್ತದೆ. ಹಿತ್ತಿಲಿನ ಕಲ್ಲಿನ ಕಾಂಪೌಂಡ್ ಇದನ್ನು ತಡೆಯುತ್ತದೆ ಎಂದು ನಂಬಿ ಅದರ ಪಕ್ಕದಲ್ಲೇ ಮಕ್ಕಳನ್ನು ಆಡಲು ಬಿಡುವವರನ್ನು ಕಂಡಿದ್ದೇನೆ. ಇಂಥ ಹೊಡೆತವನ್ನು ತಾಳುವಂತೆ ಲೆಕ್ಕ ಹಾಕಿ ಕಟ್ಟಿದ ಉಕ್ಕಿನ ಬಲೆಗಳೂ ಅಗಲವಾದ ಕಂದಕಗಳೂ ಇವೆ. ಅಮೆರಿಕದ ಭೂವಿಜ್ಞಾನಿ ಆರ್ಥರ್ ರಿಚಿ ನೂರಾರು ಕಲ್ಲುಗಳನ್ನು ಇಳಿಜಾರುಗಳಿಂದ ಉರುಳಿಸಿ ನೋಡಿ 1963ರಲ್ಲಿ ಪ್ರಕಟಿಸಿದ ಅಧ್ಯಯನ ಇಂಥ ಕಂದಕಗಳ ವಿನ್ಯಾಸಕ್ಕೆ ಬುನಾದಿ ಹಾಕಿತು. ನೆಟ್ಟಗಿರುವ ದರೆಯಿಂದ ಕಳಚಿದ ಕಲ್ಲು ಬಹುಪಾಲು ಬುಡದ ಹತ್ತಿರವೇ ಬೀಳುತ್ತದೆ. ಅದಕ್ಕಿಂತ ಸ್ವಲ್ಪ ಓರೆಯಾಗಿರುವ, ನಡುವೆ ಚಾಚುಗಳಿರುವ ದರೆಯಲ್ಲಿ ಕಲ್ಲು ಬಡಿದು ಪುಟಿದು ದೂರಕ್ಕೆ ಹಾರುತ್ತದೆ. ಓರೆ ಮಾಡಿದರೆ ಅಪಾಯ ತಗ್ಗಿತು ಎಂದು ಕಣ್ಣಳತೆಯಲ್ಲೇ ತೀರ್ಮಾನಿಸುವವರು ಇದನ್ನು ಗಮನಿಸಬೇಕು.

ಕೆಲವು ದರೆಗಳಿಗೆ ಯಾವ ಮದ್ದೂ ಇಲ್ಲ, ದೂರ ಸರಿಯುವುದೊಂದೇ ದಾರಿ. ಇದನ್ನು ಬರೆಯುವುದು ಸುಲಭ, ಸಾಲ ಮಾಡಿ ಮನೆ ಕಟ್ಟಿದವರ ಮುಂದೆ ನಿಂತು ಹೇಳುವುದು ಬಹಳ ಕಷ್ಟ. ಅದಕ್ಕಾಗಿಯೇ ನಿವೇಶನ ಹಂಚುವ ಮೊದಲು ಹೇಳಬೇಕೆಂದು ನಾನು ಒತ್ತಾಯಿಸುತ್ತಿರುವುದು. ಅಮೆರಿಕದ ಯೊಸೆಮಿಟಿ ರಾಷ್ಟ್ರೀಯ ಉದ್ಯಾನದಲ್ಲಿ 2008ರ ಅಕ್ಟೋಬರ್‌ನಲ್ಲಿ ಗ್ರಾನೈಟ್ ಬಂಡೆಗಳು ಪ್ರವಾಸಿಗರ ವಸತಿಗಳ ಮೇಲೆ ಬಿದ್ದ ಬಳಿಕ, ಅಪಾಯದ ವಲಯದಲ್ಲಿದ್ದ 200ಕ್ಕೂ ಹೆಚ್ಚು ವಸತಿಗಳನ್ನು ಶಾಶ್ವತವಾಗಿ ಮುಚ್ಚಲಾಯಿತು. ಸ್ವಿಟ್ಜರ್ಲೆಂಡಿನ ಬ್ರಿಯೆನ್ಜ್ ಎಂಬ ಹಳ್ಳಿಯ ಮೇಲಿನ ಬೆಟ್ಟದ ಚಲನೆಯನ್ನು ಉಪಕರಣಗಳು ಹಗಲಿರುಳು ಅಳೆಯುತ್ತಿದ್ದವು. ಚಲನೆಯ ವೇಗ ಏರತೊಡಗಿದ್ದನ್ನು ಕಂಡು 2023ರ ಮೇ 12ರೊಳಗೆ ಹಳ್ಳಿಯನ್ನು ಖಾಲಿ ಮಾಡಿಸಿದರು; ಜೂನ್ 15ರ ರಾತ್ರಿ ಹತ್ತು ಲಕ್ಷ ಘನ ಮೀಟರಿಗೂ ಹೆಚ್ಚು ಕಲ್ಲು ಜಾರಿ ಬಂದು ಹಳ್ಳಿಯ ಅಂಚಿನಲ್ಲೇ ನಿಂತಿತು, ಒಂದು ಜೀವವೂ ಹೋಗಲಿಲ್ಲ. ಅಷ್ಟು ದುಬಾರಿ ಉಪಕರಣ ಪ್ರತಿ ದರೆಗೂ ಬೇಕಾಗಿಲ್ಲ. ಬಿರುಕಿನ ಮೇಲೊಂದು ಅಳತೆಪಟ್ಟಿ, ಪಕ್ಕದಲ್ಲೊಂದು ಮಳೆಮಾಪಕ, ಎರಡನ್ನೂ ತಪ್ಪದೆ ಓದುವ ಒಬ್ಬ ಮನುಷ್ಯ, ಅವರು ಫೋನ್ ಮಾಡಿದರೆ ಉತ್ತರಿಸುವ ಒಬ್ಬ ಅಧಿಕಾರಿ ಇದ್ದರೆ ಬಹಳಷ್ಟು ಕೆಲಸವಾಗುತ್ತದೆ.

ಆಡಳಿತದ ಮಟ್ಟದಲ್ಲಿ ನಾನು ಬಯಸುವುದಕ್ಕೆ ಒಂದು ಮಾದರಿಯಿದೆ. ಹಾಂಗ್‌ಕಾಂಗ್‌ನಲ್ಲಿ 1972ರ ಜೂನ್ 18ರಂದು ಒಂದೇ ದಿನ ಎರಡು ಕಡೆ ಇಳಿಜಾರು ಕುಸಿದು ನೂರಕ್ಕೂ ಹೆಚ್ಚು ಜನ ಸತ್ತರು; 1976ರಲ್ಲಿ ಮತ್ತೆ ಕುಸಿತವಾಯಿತು. 1977ರಲ್ಲಿ ಅಲ್ಲಿನ ಸರ್ಕಾರ ಇಳಿಜಾರುಗಳ ಸುರಕ್ಷತೆಗೆಂದೇ ಪ್ರತ್ಯೇಕ ಕಚೇರಿ ತೆರೆಯಿತು. ಇಂದು ಅಲ್ಲಿ ಮನುಷ್ಯ ಕಡಿದ ಅಥವಾ ಕಟ್ಟಿದ ಸುಮಾರು 60,000 ಇಳಿಜಾರುಗಳ ಪಟ್ಟಿಯಿದೆ. ಒಂದೊಂದಕ್ಕೂ ನೋಂದಣಿ ಸಂಖ್ಯೆಯಿದೆ, ಅದನ್ನು ನೋಡಿಕೊಳ್ಳುವ ಹೊಣೆ ಯಾರದೆಂದು ಯಾರು ಬೇಕಾದರೂ ತಿಳಿಯಬಹುದು. ಚರಂಡಿಯ ಕಸ ತೆಗೆಯುವುದು, ಮುಚ್ಚಿಹೋದ ರಂಧ್ರಗಳನ್ನು ತೆರೆಯುವುದು, ಸೀಳಿನಲ್ಲಿ ಬೇರು ಬಿಟ್ಟ ಗಿಡವನ್ನು ಎಳೆಯದಾಗಿರುವಾಗಲೇ ಕೀಳುವುದು ಮುಂತಾದ ಸಣ್ಣ ಕೆಲಸಗಳು ಆ ಹೊಣೆಯಲ್ಲಿ ಸೇರಿವೆ. ವಸತಿಗಳ ಪಕ್ಕದ ಪ್ರತಿ ಬಂಡೆಯ ದರೆಗೂ ಹೀಗೊಂದು ಸಂಖ್ಯೆ, ಒಬ್ಬ ಹೊಣೆಗಾರ, ಸಾರ್ವಜನಿಕರಿಗೆ ತೆರೆದಿರುವ ಒಂದು ಪರಿಶೀಲನಾ ವರದಿ ಇರಬೇಕು. ವರದಿಯಿಲ್ಲದೆ ಬುಡ ಕಡಿಯಲು, ಸ್ಫೋಟಕ ಬಳಸಲು, ನೆತ್ತಿಯ ಮೇಲೆ ಇಂಗುಗುಂಡಿ ತೋಡಲು ಅನುಮತಿ ಸಿಗಬಾರದು.

ತಮ್ಮಲ್ಲಿಯೂ ಒಂದು ಕೋರಿಕೆಯಿದೆ. ಮುಂದೆ ಇಂಥ ಸುದ್ದಿ ಬರೆಯುವಾಗ ತಮ್ಮ ವರದಿಗಾರರು ಮಳೆಯ ಪ್ರಮಾಣದ ಜೊತೆಗೆ, ಆ ದರೆಯನ್ನು ಕೊನೆಯ ಬಾರಿ ಯಾರು ಯಾವಾಗ ಪರಿಶೀಲಿಸಿದ್ದರು, ಅದರ ನೀರು ಹೊರಹೋಗಲು ಏನು ವ್ಯವಸ್ಥೆಯಿತ್ತು, ಬುಡವನ್ನು ಯಾವ ವರ್ಷ ಕಡಿಯಲಾಗಿತ್ತು ಎಂಬುದನ್ನೂ ಕೇಳಿ ಬರೆಯಲಿ. ಉತ್ತರ ಸಿಗದಿದ್ದರೆ, ಸಿಗಲಿಲ್ಲವೆಂದೇ ಅಚ್ಚಾಗಲಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಭೂವಿಜ್ಞಾನಿ